ಜನಗಣತಿ ಮತ್ತು ಮತದ ತೂಕ: ಚಳ್ಳಕೆರೆ, ಮೊಳಕಾಲ್ಮೂರುಗಳ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಗಳು 2004ರ ಚುನಾವಣೆಯವರೆಗೆ ಸಾಮಾನ್ಯ ಕ್ಷೇತ್ರಗಳಾಗಿದ್ದು, 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು; ಈ ಬದಲಾವಣೆಯ ಮೂಲದಲ್ಲಿರುವುದು ಜನಗಣತಿಯ ಅಂಕಿಗಳ ಮೇಲೆ ನಡೆಯುವ ಸರಳವಾದ ಒಂದು ಲೆಕ್ಕ.

ಸಂವಿಧಾನದ ಪ್ರಕಾರ ರಾಜ್ಯದ ಒಟ್ಟು ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರ ಪಾಲು ಎಷ್ಟಿದೆಯೋ, ವಿಧಾನಸಭೆಯ ಸ್ಥಾನಗಳಲ್ಲಿಯೂ ಅವರಿಗೆ ಹೆಚ್ಚುಕಡಿಮೆ ಅಷ್ಟೇ ಪಾಲು ಮೀಸಲಿರಬೇಕು. 1971ರ ಗಣತಿಯಲ್ಲಿ ರಾಜ್ಯದ 2.93 ಕೋಟಿ ಜನರಲ್ಲಿ ಪಂಗಡದವರು 2.31 ಲಕ್ಷ ಮಾತ್ರ ಇದ್ದುದರಿಂದ 224 ಸ್ಥಾನಗಳಲ್ಲಿ ಅವರ ಪಾಲು 1.77 ಎಂದಾಗಿ, ಗೋಕಾಕ ಮತ್ತು ವಿರಾಜಪೇಟೆ ಎಂಬ ಎರಡೇ ಕ್ಷೇತ್ರಗಳು ಮೀಸಲಾದವು. 2001ರಲ್ಲಿ 5.28 ಕೋಟಿಗೆ 34.63 ಲಕ್ಷ ಎಂಬ ಲೆಕ್ಕ ಬಂದಾಗ ಅದೇ ಪಾಲು 14.68ಕ್ಕೆ ಏರಿ, ಮೀಸಲು ಕ್ಷೇತ್ರಗಳು 15 ಆದವು.

ಮೂವತ್ತು ವರ್ಷಗಳಲ್ಲಿ ಹದಿನೈದು ಪಟ್ಟು ಏರಿಕೆ ಜನನ ಪ್ರಮಾಣದಿಂದ ಆಗುವಂಥದ್ದಲ್ಲ. 1971ರಲ್ಲಿ ನಾಯಕ ಸಮುದಾಯವು ಹಳೆಯ ಮುಂಬಯಿ ಪ್ರಾಂತದಿಂದ ಬಂದ ಜಿಲ್ಲೆಗಳಲ್ಲಿ ಮಾತ್ರ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿತ್ತು. ಆ ಪಟ್ಟಿಯನ್ನು ತಿದ್ದಿದ 1976ರ ಕಾಯಿದೆ ಈ ಪ್ರಾದೇಶಿಕ ಮಿತಿಯನ್ನು ತೆಗೆದುಹಾಕಿತು, 1991ರಲ್ಲಿ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳೂ ಪಟ್ಟಿಗೆ ಸೇರಿದವು. ಹಟ್ಟಿಗಳಲ್ಲಿ ನೆಲೆಸಿ, ದೇವರ ಎತ್ತುಗಳನ್ನು ಸಾಕಿಕೊಂಡು ಬಂದಿರುವ, ಇದೇ ನಾಯಕ ಸಮುದಾಯದ ಮ್ಯಾಸಬೇಡರು ಈ ಎರಡು ತಾಲ್ಲೂಕುಗಳಲ್ಲಿ ತಲೆಮಾರುಗಳಿಂದ ಇದ್ದವರೇ. ಬದಲಾದದ್ದು ಅವರನ್ನು ಲೆಕ್ಕಕ್ಕೆ ಹಿಡಿದ ಬಗೆ. ಪಂಗಡದ ಮೀಸಲು ಕ್ಷೇತ್ರಗಳನ್ನು ಆ ಜನರ ಪ್ರಮಾಣ ಅತಿ ಹೆಚ್ಚಿರುವ ಕಡೆಗಳಲ್ಲೇ ಗುರುತಿಸಬೇಕೆಂಬ ನಿಯಮವಿರುವುದರಿಂದ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಮರುವಿಂಗಡಣಾ ಆಯೋಗವು ಕೂಡ್ಲಿಗಿ, ಸಂಡೂರು, ಜಗಳೂರುಗಳ ಜೊತೆಗೆ ಇವೆರಡನ್ನೂ ಆರಿಸಿತು.

ರಾಜ್ಯದೊಳಗಿನ ಹಂಚಿಕೆ ಹೀಗೆ ಬದಲಾದರೂ ರಾಜ್ಯಗಳ ನಡುವಿನ ಹಂಚಿಕೆ 1971ರ ಅಂಕಿಗಳಲ್ಲೇ ನಿಂತಿದೆ. ಉದಾಹರಣೆಗೆ, ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರೊಬ್ಬರ ಮತದ ಮೌಲ್ಯವನ್ನು ಕಂಡುಹಿಡಿಯಲು ರಾಜ್ಯದ ಜನಸಂಖ್ಯೆಯನ್ನು ಶಾಸಕ ಸ್ಥಾನಗಳ ಸಂಖ್ಯೆಯಿಂದಲೂ ಮತ್ತೆ ಸಾವಿರದಿಂದಲೂ ಭಾಗಿಸಬೇಕು; ಅದರಂತೆ ಚಳ್ಳಕೆರೆಯ ಶಾಸಕರ ಮತಕ್ಕೂ ಮೊಳಕಾಲ್ಮೂರಿನ ಶಾಸಕರ ಮತಕ್ಕೂ ತಲಾ 131 ಮೌಲ್ಯವಿದೆ. ತಮಿಳುನಾಡಿಗೆ 176, ಬಿಹಾರಕ್ಕೆ 173. ಇದೇ ಸೂತ್ರಕ್ಕೆ 2011ರ ಜನಸಂಖ್ಯೆಯನ್ನು ಹಾಕಿ ನೋಡಿದರೆ ಕರ್ನಾಟಕಕ್ಕೆ 273, ತಮಿಳುನಾಡಿಗೆ 308, ಬಿಹಾರಕ್ಕೆ 428 ಬರುತ್ತದೆ. ಅಂದರೆ ಎಲ್ಲ ಅಂಕಿಗಳೂ ಏರಿದರೂ ಜನನ ಪ್ರಮಾಣವನ್ನು ಬೇಗ ತಗ್ಗಿಸಿದ ರಾಜ್ಯದ ಪಾಲು ಕುಗ್ಗುತ್ತದೆ. 1976ರ 42ನೇ ತಿದ್ದುಪಡಿ ಹಂಚಿಕೆಯನ್ನು 1971ರ ಅಂಕಿಗಳಲ್ಲೇ ತಡೆಹಿಡಿದದ್ದು ಕುಟುಂಬ ಯೋಜನೆಗೆ ಮುಂದಾದ ರಾಜ್ಯಗಳಿಗೆ ನಷ್ಟವಾಗದಿರಲೆಂದೇ, ಮತ್ತು ಆ ಕಾಳಜಿ ಇಂದಿಗೂ ನ್ಯಾಯವಾದದ್ದು. 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಗಣತಿಯವರೆಗೆ ವಿಸ್ತರಿಸಿತು.

ಮುಂದಿನ ಗಣತಿಗೆ 2027ರ ಮಾರ್ಚ್ 1 ಗೊತ್ತಾಗಿದೆ. 2011ರಲ್ಲಿ ಅನುಸರಿಸಿದ ಪದ್ಧತಿಯಲ್ಲಿ, ಎಣಿಕೆಯ ಅವಧಿಯುದ್ದಕ್ಕೂ ಊರಿನಲ್ಲಿಲ್ಲದವರನ್ನು ಅವರು ಇದ್ದ ಕಡೆಯಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಮೇವು ಅರಸಿ ಕುರಿಮಂದೆಯೊಡನೆ ದೂರ ಹೋದವರೂ ಕೂಲಿಗೆಂದು ಬೆಂಗಳೂರು ಸೇರಿದವರೂ ಈ ಸೀಮೆಯಲ್ಲಿ ಕಡಿಮೆಯೇನಲ್ಲ. ಅಂಥವರು ಎಲ್ಲಿದ್ದರೂ ಗಣತಿಯಲ್ಲಿ ತಪ್ಪದೆ ದಾಖಲಾಗುವಂತೆ ಮನೆಯವರೂ ಗ್ರಾಮ ಪಂಚಾಯಿತಿಗಳೂ ಈಗಿನಿಂದಲೇ ನೋಡಿಕೊಳ್ಳಬೇಕು.