ನಡಿಗೆಯೆಂಬ ಮದ್ದು

ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ರೋಗಿಯು ಸಾಮಾನ್ಯವಾಗಿ ಸೂಜಿಮದ್ದನ್ನೋ ಗುಳಿಗೆಯನ್ನೋ ನಿರೀಕ್ಷಿಸುತ್ತಾನೆ. ವೈದ್ಯರು ಅವುಗಳೊಡನೆ, “ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ” ಎಂದರೆ ಅದನ್ನವನು ಔಷಧವೆಂದು ಎಣಿಸುವುದಿಲ್ಲ. ಕಾಯಿಲೆಯವರಿಗೆ ವಿಶ್ರಾಂತಿಯೇ ಮೇಲೆಂಬುದು ಜನರಲ್ಲಿ ಬೇರೂರಿದ ನಂಬಿಕೆ. ಜ್ವರ ಬಂದಾಗ ಈ ಮಾತು ಸರಿ. ಆದರೆ ಮಧುಮೇಹ, ರಕ್ತದೊತ್ತಡ, ಮಂಡಿನೋವುಗಳಂತಹ ದೀರ್ಘಕಾಲದ ವ್ಯಾಧಿಗಳಲ್ಲಿ ಅತಿಯಾದ ವಿಶ್ರಾಂತಿಯು ರೋಗಕ್ಕೇ ಗೊಬ್ಬರವಾಗುತ್ತದೆ.

ಭಾರತದ ಪ್ರಾಚೀನ ವೈದ್ಯರು ಇದನ್ನು ಅರಿಯದವರಲ್ಲ. ವ್ಯಾಯಾಮದ ಗುಣಗಳನ್ನು ಹೇಳಿದ ವಾಗ್ಭಟನು, ಬಲವುಳ್ಳವನೂ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ಅದಕ್ಕೆ ಬಳಸಬೇಕೆಂದು ಎಚ್ಚರಿಸಿದ್ದಾನೆ. ಅನುಭವದಿಂದ ಬಂದ ಈ ತಿಳಿವಳಿಕೆಗೆ ಲೆಕ್ಕಾಚಾರದ ಆಧಾರ ದೊರೆತುದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಅದೂ ಲಂಡನ್ ನಗರದ ಬಸ್ಸುಗಳಲ್ಲಿ!

ಆ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು. ನಿರ್ವಾಹಕನಾದರೋ ಟಿಕೆಟು ಕೊಡಲು ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದನು. ಜೆರಿ ಮಾರಿಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ಈ ಇಬ್ಬರ ಆರೋಗ್ಯವನ್ನೂ ಹೋಲಿಸಿ 1953ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಬಂದರೂ ತಡವಾಗಿ ಬರುತ್ತಿತ್ತು. ಚಾಲಕನ ಮನಸ್ಸಿನ ಆತಂಕವೇ ಇದಕ್ಕೆ ಕಾರಣವಿರಬಹುದಲ್ಲವೇ? ಆದರೆ ನಡೆದೂ ಸೈಕಲ್ಲು ತುಳಿದೂ ಪತ್ರ ಹಂಚುವ ಅಂಚೆಯವರನ್ನು ಕುಳಿತು ಕೆಲಸ ಮಾಡುವ ಗುಮಾಸ್ತರೊಡನೆ ಹೋಲಿಸಿದಾಗಲೂ ಅದೇ ಬಗೆಯ ವ್ಯತ್ಯಾಸ ಕಂಡುಬಂದಿತು.

ಇದರ ಮರ್ಮವು ಸ್ನಾಯುಗಳಲ್ಲಿದೆ. ದುಡಿಯುವ ಸ್ನಾಯುವು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಂಡು ಉರಿಸುತ್ತದೆ. ಆದುದರಿಂದಲೇ ಮಧುಮೇಹಿಗೆ ನಡಿಗೆಯು ಮದ್ದು. ತೊಡೆಯ ಸ್ನಾಯುಗಳು ಬಲಗೊಂಡರೆ ಮಂಡಿಯ ನೋವು ತಗ್ಗುತ್ತದೆ. ನಿಯತವಾಗಿ ನಡೆಯುವವರಲ್ಲಿ ರಕ್ತದ ಒತ್ತಡವೂ ಇಳಿಯುತ್ತದೆ.

ಎಲ್ಲ ಮದ್ದಿನಂತೆ ಇದಕ್ಕೂ ಪ್ರಮಾಣವುಂಟು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಆಟ ಓಟ ಬೇಕು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕು. 65 ದಾಟಿದವರು ಇದರೊಡನೆ ವಾರಕ್ಕೆ ಮೂರು ದಿನವಾದರೂ ದೇಹದ ಸಮತೋಲವನ್ನೂ ಬಲವನ್ನೂ ಹೆಚ್ಚಿಸುವ ವ್ಯಾಯಾಮ ಮಾಡಬೇಕು. ಇದರಿಂದ ಅವರು ಬೀಳುವ ಭಯ ಕಡಿಮೆಯಾಗುತ್ತದೆ. ಸಾಧಾರಣ ಶ್ರಮವನ್ನು ಅಳೆಯಲು ಯಂತ್ರ ಬೇಕಿಲ್ಲ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು, ಅದೇ ಅಳತೆಗೋಲು.

ಆದರೆ ಒಂದೇ ಉಪದೇಶ ಎಲ್ಲರಿಗೂ ಒಪ್ಪುವುದಿಲ್ಲ. ಬಲ್ಲ ವೈದ್ಯರು ಮೊದಲು, “ದಿನವೆಲ್ಲ ಏನು ಕೆಲಸ ಮಾಡುತ್ತೀರಿ?” ಎಂದು ಕೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಬಾಗಿ ಕಳೆ ಕೀಳುವ ಹೆಂಗಸಿಗೆ ಬೇಕಾದುದು ಮತ್ತಷ್ಟು ನಡಿಗೆಯಲ್ಲ, ಬೆನ್ನನ್ನು ಸಡಿಲಿಸುವ ವ್ಯಾಯಾಮ. ಅಂಗಡಿಯ ಗಲ್ಲದ ಮುಂದೆ ಕುಳಿತೇ ಇರುವವನಿಗೆ ನಡಿಗೆ ಬೇಕು. ಇನ್ಸುಲಿನ್ ಪಡೆಯುವವರು ನಡೆಯಲು ಹೊರಟಾಗ ಸ್ವಲ್ಪ ಸಕ್ಕರೆಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು, ಪಾದರಕ್ಷೆಯನ್ನು ಮರೆಯಬಾರದು. ಎದೆನೋವು, ತಲೆಸುತ್ತು, ಮಿತಿಮೀರಿದ ಏದುಸಿರು ಕಂಡರೆ ಕೂಡಲೇ ನಿಂತು ವೈದ್ಯರನ್ನು ಕಾಣಬೇಕು. ಬಹುಕಾಲ ಕುಳಿತೇ ಇದ್ದವರು ಹತ್ತು ನಿಮಿಷಗಳಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸುವುದು ಕ್ಷೇಮ.

ಗುಳಿಗೆಯನ್ನು ಹಣ ಕೊಟ್ಟು ತರಬಹುದು. ಮಗನು ತಂದೆಗಾಗಿ ತಂದುಕೊಡಲೂಬಹುದು. ಆದರೆ ಒಬ್ಬರ ನಡಿಗೆಯನ್ನು ಮತ್ತೊಬ್ಬರು ನಡೆಯಲಾಗದು. ಜೊತೆಯಲ್ಲಿ ನಡೆಯಬಹುದು, ಅಷ್ಟೆ. ಸಂಜೆ ಅಜ್ಜನ ಕೈಹಿಡಿದು ಕೆರೆಯ ಏರಿಯವರೆಗೆ ಹೋಗಿಬರುವ ಮೊಮ್ಮಗಳು ಅವರಿಗೆ ಮದ್ದನ್ನು ನೀಡುತ್ತಿದ್ದಾಳೆ. ತಿಳಿಯದೆಯೇ ತಾನೂ ಅದನ್ನು ಸೇವಿಸುತ್ತಿದ್ದಾಳೆ.