ಕ್ರಿಸ್‌ಮಸ್ ಹಂಗಾಮು: ಉಳಿತಾಯ ಖರೀದಿಯಲ್ಲೇ ಆರಂಭ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ವರ್ತಕರಿಗೆ ಡಿಸೆಂಬರ್ ಎರಡು ವ್ಯಾಪಾರಗಳು ಒಟ್ಟಿಗೆ ಕೂಡಿಬರುವ ತಿಂಗಳು. ಒಂದು, ಸ್ಥಳೀಯ ಕ್ರೈಸ್ತ ಕುಟುಂಬಗಳ ಹಬ್ಬದ ಖರೀದಿ. ಇನ್ನೊಂದು, ಮುರ್ಡೇಶ್ವರ, ಕಾಸರಕೋಡ ಮತ್ತು ಗೋಕರ್ಣಗಳಿಗೆ ಬರುವ ಪ್ರವಾಸಿಗರ ಖರೀದಿ. ಮಾರಾಟ ಹೆಚ್ಚಿದರೂ ಜನವರಿಯಲ್ಲಿ ಲೆಕ್ಕ ನೋಡಿದಾಗ ಕೈಯಲ್ಲಿ ಹಣವಿಲ್ಲದೆ ಗೋದಾಮಿನಲ್ಲಿ ಸರಕು ಉಳಿದಿರುವುದುಂಟು. ಹಂಗಾಮಿನ ಸರಕಿನಲ್ಲಿ ನಷ್ಟದ ಮೂಲ ಬಹುತೇಕ ಖರೀದಿಯಲ್ಲಿಯೇ ಇರುತ್ತದೆ.

ಲಾಭ ಅಡಗಿರುವ ಸ್ಥಳ

ಉದಾಹರಣೆಗೆ, ವರ್ತಕರೊಬ್ಬರು ತಲಾ 80 ರೂ.ಗಳಂತೆ 100 ನಕ್ಷತ್ರ ದೀಪಗಳನ್ನು ಕೊಂಡು 100 ರೂ.ಗೆ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಹೂಡಿದ ಬಂಡವಾಳ 8,000 ರೂ. ಮೊದಲ 80 ದೀಪಗಳ ಮಾರಾಟದಿಂದ ಅಸಲು ಮಾತ್ರ ಮರಳುತ್ತದೆ; ಲಾಭವೆಲ್ಲವೂ ಕೊನೆಯ 20 ದೀಪಗಳಲ್ಲಿದೆ. ಅವು ಉಳಿದು, ಹಬ್ಬದ ನಂತರ 40 ರೂ.ಗೆ ವಿಲೇವಾರಿಯಾದರೆ ಲಾಭ 800 ರೂ. ಮಾತ್ರ.

ಅದೇ ವರ್ತಕರು 80 ದೀಪಗಳನ್ನಷ್ಟೇ ತರಿಸಿ, ಕಡಿಮೆ ಪ್ರಮಾಣದ ಕಾರಣಕ್ಕೆ ತಲಾ 82 ರೂ. ತೆತ್ತಿದ್ದರೂ ಲಾಭ 1,440 ರೂ. ಆಗುತ್ತಿತ್ತು. ಆದ್ದರಿಂದ ಸಗಟು ರಿಯಾಯಿತಿಯ ಆಸೆಗೆ ಹೆಚ್ಚು ಸರಕು ಎತ್ತುವುದು ಯಾವಾಗಲೂ ಉಳಿತಾಯವಲ್ಲ. ಮಾರಾಟದ ರಿಯಾಯಿತಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 80 ರೂ. ಅಸಲಿನ ವಸ್ತುವಿಗೆ ಶೇ. 10 ಸೋಡಿ ಬಿಟ್ಟರೆ 20 ರೂ. ಲಾಭ 10 ರೂ.ಗೆ ಇಳಿಯುತ್ತದೆ. ಮೊದಲಿನಷ್ಟೇ ಲಾಭ ಬರಬೇಕಾದರೆ ಎರಡು ಪಟ್ಟು ಮಾರಾಟವಾಗಬೇಕು.

ಬೇಡಿಕೆಯ ಪಂಚಾಂಗ

ಹಬ್ಬದ ಎಲ್ಲ ವಸ್ತುಗಳೂ ಒಂದೇ ವಾರದಲ್ಲಿ ಮಾರಾಟವಾಗುವುದಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಅವಧಿಯಲ್ಲಿ ನಕ್ಷತ್ರ ಹಾಗೂ ಗೋದಲಿಯ ಸಾಮಗ್ರಿಗಳಿಗೆ ಬೇಡಿಕೆ ಇರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ ಮೊದಲಾದ ಕುಸ್ವಾರ್ ತಿನಿಸುಗಳನ್ನು ಮನೆಯಲ್ಲಿ ತಯಾರಿಸುವವರು ಮೈದಾ, ಅಕ್ಕಿಹಿಟ್ಟು, ಬೆಲ್ಲ, ಎಳ್ಳು, ತೆಂಗಿನಕಾಯಿಗಳನ್ನು ಮೊದಲೇ ಕೊಳ್ಳುತ್ತಾರೆ. ಕೇಕಿನ ಬೇಡಿಕೆ ಕೊನೆಯ ದಿನಗಳಲ್ಲಿ ಏರಿ, ಹೊಸ ವರ್ಷದವರೆಗೂ ಮುಂದುವರಿಯುತ್ತದೆ. ಡಿಸೆಂಬರ್ 25ರ ನಂತರ ನಕ್ಷತ್ರಕ್ಕೆ ಗಿರಾಕಿಗಳು ವಿರಳ. ಬೆಲ್ಲ, ಮೈದಾಗಳಾದರೆ ಸಂಕ್ರಾಂತಿಗೂ ಸಲ್ಲುತ್ತವೆ. ಮುಂದೆಯೂ ಮಾರಾಟವಾಗುವ ಸರಕನ್ನು ಧೈರ್ಯದಿಂದ, ಹಬ್ಬಕ್ಕೆ ಮಾತ್ರ ಸಲ್ಲುವ ಸರಕನ್ನು ಕಂತುಗಳಲ್ಲಿ ತರಿಸುವುದು ಸೂಕ್ತ.

ಪ್ರವಾಸಿಗರನ್ನು ನಂಬಿದ ವ್ಯಾಪಾರಕ್ಕೆ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಸಮುದ್ರಪಾಲಾದ ದುರಂತದ ಬಳಿಕ, ಕಡಲತೀರಕ್ಕೆ ಪ್ರವಾಸಿಗರ ಪ್ರವೇಶವನ್ನು ಕೆಲಕಾಲ ನಿರ್ಬಂಧಿಸಲಾಯಿತು. ಹಂಗಾಮಿನ ನಡುವೆಯೇ ಬೇಡಿಕೆ ಹೇಗೆ ಕುಸಿಯಬಹುದು ಎಂಬುದಕ್ಕೆ ಇದು ನಿದರ್ಶನ. ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲ್ವೆ ಎರಡೂ ಈ ಮೂರು ಪಟ್ಟಣಗಳಿಗೆ ದೊರೆತಿರುವುದರಿಂದ, ಮಾರಾಟ ನೋಡಿಕೊಂಡು ಮತ್ತೆ ಸರಕು ತರಿಸುವುದು ಅಸಾಧ್ಯವೇನಲ್ಲ.

ನಗದು, ಬಡ್ಡಿ ಮತ್ತು ತೆರಿಗೆ

30 ದಿನಗಳ ಉದ್ದರಿ ಬಿಟ್ಟು 10 ದಿನಗಳೊಳಗೆ ಪಾವತಿಸಿದರೆ ಪೂರೈಕೆದಾರರು ಶೇ. 2 ಸೋಡಿ ಕೊಡುವುದಾದರೆ, ಒಂದು ಲಕ್ಷ ರೂ. ಬಿಲ್ಲಿನಲ್ಲಿ ಉಳಿತಾಯ 2,000 ರೂ. ಆ 98,000 ರೂ.ಗಳನ್ನು ಶೇ. 12ರ ಬ್ಯಾಂಕ್ ಸಾಲದಿಂದ ಭರಿಸಿದರೂ 20 ದಿನಗಳ ಬಡ್ಡಿ ಸುಮಾರು 644 ರೂ. ಮಾತ್ರ. ಆದರೆ ಮಾರಾಟವಾಗದ ಸರಕಿಗೆ ಅದೇ ಸಾಲ ಬಳಕೆಯಾದರೆ ಲಕ್ಷಕ್ಕೆ ತಿಂಗಳಿಗೆ 1,000 ರೂ. ಬಡ್ಡಿ ಬೆಳೆಯುತ್ತಲೇ ಇರುತ್ತದೆ.

2025ರ ಸೆಪ್ಟೆಂಬರ್ 22ರಿಂದ ಕೇಕ್, ಬಿಸ್ಕತ್ತು ಹಾಗೂ ಚಾಕೊಲೇಟ್‌ಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಖರೀದಿ ಬಿಲ್ಲುಗಳೊಂದಿಗೆ ದರ ಹೋಲಿಸುವಾಗ ತೆರಿಗೆಯನ್ನು ಬೇರ್ಪಡಿಸಿ ನೋಡಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಖರೀದಿಯ ಮೇಲಿನ ತೆರಿಗೆ ಜಮೆ ದೊರೆಯುವುದಿಲ್ಲ. ಆದ್ದರಿಂದ ಅವರು ಆ ತೆರಿಗೆಯನ್ನು ಅಸಲಿಗೆ ಸೇರಿಸಿಯೇ ಮಾರಾಟ ದರ ನಿಗದಿಪಡಿಸಬೇಕು.

ಅಂಗಡಿಗಳಿಗೆ ಕೇಕ್, ತಿನಿಸು ಪೂರೈಸುವ ಸಣ್ಣ ತಯಾರಕರಿಗೆ ಬಾಕಿ ವಸೂಲಿಯೂ ಉಳಿತಾಯವೇ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯಂತೆ, ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ.

ಮುಂದಿನ ವರ್ಷಕ್ಕೆ ದಾಖಲೆ

ಯಾವ ವಸ್ತು ಎಷ್ಟು ಬಂತು, ಯಾವ ದಿನಾಂಕಕ್ಕೆ ಖಾಲಿಯಾಯಿತು, ಎಷ್ಟು ಉಳಿಯಿತು ಎಂಬ ಮೂರು ಅಂಶಗಳನ್ನು ಜನವರಿ ಮೊದಲ ವಾರದಲ್ಲಿಯೇ ಬರೆದಿಡುವುದು ಒಳಿತು. ಮುಂದಿನ ನವೆಂಬರ್‌ನಲ್ಲಿ ಸಗಟು ವ್ಯಾಪಾರಿಯ ಪ್ರತಿನಿಧಿ ಬಂದಾಗ, ಆತನ ರಿಯಾಯಿತಿ ಪಟ್ಟಿಗಿಂತ ಈ ಒಂದು ಪುಟವೇ ಹೆಚ್ಚು ಲಾಭ ತಂದುಕೊಡಬಲ್ಲದು.