ಕಾಮಾಲೆ ಆಗಿದ್ದವರು ಅಂಗದಾನ ಮಾಡಬಹುದಾ?

ಹೋದ ತಿಂಗಳು ಅಂಧೇರಿಯ ರೂಮಿನಲ್ಲಿ ಕೂತು ನೋಟ್ಟೊ ವೆಬ್‌ಸೈಟಿನಲ್ಲಿ ಅಂಗದಾನದ ಪ್ರತಿಜ್ಞೆ ಮಾಡಿದೆ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಚಿಕ್ಕೋನಿದ್ದಾಗ ನಿಂಗೆ ಕಾಮಾಲೆ ಆಗಿತ್ತಲ್ಲೋ, ನಿನ್ನ ಲಿವರ್, ಕಿಡ್ನಿ ಯಾರು ತಗೋತಾರೆ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಓದಿ ತಿಳಿದದ್ದನ್ನು ಹೇಳ್ತೀನಿ.

ಕಾಮಾಲೆ ಅನ್ನೋದು ಒಂದು ಲಕ್ಷಣ ಮಾತ್ರ. ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ವಾಸಿಯಾದ ಮೇಲೆ ದೇಹದಲ್ಲಿ ಉಳಿಯೋದಿಲ್ಲ. ವರ್ಷಗಟ್ಟಲೆ ಉಳಿಯಬಲ್ಲವು ಮುಖ್ಯವಾಗಿ ಬಿ ಮತ್ತು ಸಿ.

ಮೊದಲು ಸಿ. ಈ ವೈರಸ್ ಇದ್ದ ದಾನಿಯ ಅಂಗವನ್ನು ಸೋಂಕಿಲ್ಲದವರಿಗೆ ಹಾಕಲು ವೈದ್ಯರು ಹಿಂಜರಿಯುತ್ತಿದ್ದರು. 2013ರ ಕೊನೆಗೆ ಸೊಫೊಸ್ಬುವಿರ್ ಬಂತು. ಇಂಥ ಹೊಸ ಮಾತ್ರೆಗಳಿಂದ ಬಹುತೇಕ ಎಲ್ಲರೂ ಕೆಲವೇ ವಾರಗಳಲ್ಲಿ ಗುಣವಾಗತೊಡಗಿದರು. ಆಮೇಲೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು, ಒಪ್ಪಿಗೆ ಪಡೆದು, ಸೋಂಕಿಲ್ಲದ 10 ಜನರಿಗೆ ಸಿ ಇದ್ದ ಕಿಡ್ನಿ ಹಾಕಿದರು. ಸೋಂಕು ತಗುಲಿತು, ಮಾತ್ರೆ ಕೊಟ್ಟರು, 10 ಜನವೂ ಗುಣವಾದರು. 2017ರಲ್ಲಿ ಅದು ಪ್ರಕಟವಾಯಿತು. 2019ರ ಬಾಸ್ಟನ್ ಅಧ್ಯಯನದಲ್ಲಿ ಹೃದಯ, ಶ್ವಾಸಕೋಶ ಪಡೆದವರಿಗೆ ಕಸಿಯಾದ ಕೆಲವೇ ಗಂಟೆಗಳಲ್ಲಿ ಮಾತ್ರೆ ಶುರು ಮಾಡಿದರು. ನಾಲ್ಕೇ ವಾರ ಸಾಕಾಯಿತು.

ಬಿ ಹಾಗಲ್ಲ. ವಾಸಿಯಾದವರ ಲಿವರ್ ಜೀವಕೋಶದಲ್ಲೂ ಅದರ ಡಿಎನ್‌ಎ ಅಡಗಿರುತ್ತೆ. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಿರಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸ್ತಾರಲ್ಲ, ಆಗ ಅದು ಎದ್ದು ಕೂರಬಹುದು. ಅದಕ್ಕೇ ಅಂಥ ಲಿವರ್ ಪಡೆದವರು ಸಾಮಾನ್ಯವಾಗಿ ದೀರ್ಘಕಾಲ ವೈರಸ್ ತಡೆಯುವ ಮಾತ್ರೆ ತಗೋಬೇಕು. ವಾಸಿಯಾದವರ ಕಿಡ್ನಿಯಲ್ಲಿ ಈ ಅಪಾಯ ತುಂಬಾ ಕಡಿಮೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸಿ ಪ್ಯಾಚ್ ಹಾಕಿ ಮುಗಿಸಬಹುದಾದ ಬಗ್. ಬಿ ಮಾನಿಟರ್ ಮಾಡುತ್ತಲೇ ಇರಬೇಕಾದದ್ದು.

ಹಾಗಂತ ಸೋಂಕಿರುವ ಪ್ರತಿ ಅಂಗವೂ ಬಳಕೆಗೆ ಬರಲ್ಲ. ಲಿವರ್ ಹಾಳಾಗಿರಬಾರದು, ಮಾತ್ರೆ ಸಿಗುವ ಖಾತ್ರಿ ಇರಬೇಕು, ಪಡೆಯುವವರಿಗೆ ಎಲ್ಲ ತಿಳಿಸಿ ಒಪ್ಪಿಗೆ ತಗೋಬೇಕು. ನಮ್ಮಲ್ಲಿ 2018ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ, ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಬಿಗೆ ಲಸಿಕೆಯೂ ಇದೆ.

ಹಾಗಾಗಿ "ನನಗೆ ಕಾಮಾಲೆ ಆಗಿತ್ತು" ಅಂತ ನೀವೇ ನಿಮ್ಮನ್ನು ರಿಜೆಕ್ಟ್ ಮಾಡ್ಕೋಬೇಡಿ. ಆ ಹೊತ್ತಿಗೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಯೇ ತೀರ್ಮಾನಿಸ್ತಾರೆ. ಆದರೆ ಪ್ರತಿಜ್ಞೆ ಮಾಡಿದ್ದರೂ ಕೊನೆಗೆ ಮನೆಯವರ ಒಪ್ಪಿಗೆ ಬೇಕು. ಮುಂಬೈಯಲ್ಲಿದ್ದರೂ ಅಷ್ಟೆ, ಊರಲ್ಲಿದ್ದರೂ ಅಷ್ಟೆ. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ಬಿಡ್ತು ಅನ್ನೋ" ಅಂತ ಬೈದಳು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಹೆಸರೂ ಹಾಕು" ಅಂದಳು.

ನೀವೂ ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಮಾತಾಡಿ. ಸಿಗೋಣ.